ನೂರು ರೂಪಾಯಿ ಖೋತಾ

ಆ ಶನಿವಾರ ಎಂ.ಎಲ್.ಎ. ಜಯಸಿಂಹ ಚಿಕ್ಕಬಾಣಾವರದ ಹೆರಿಗೆ ಕೇಂದ್ರಕ್ಕೆ ಬಂದಾಗ ನರ್ಸ್ ಗೋದಾ ಅವನಿಗೆ ಸ್ಟೂಲು ಹಾಕಲಿಲ್ಲ.

ಹಾಕದೆ ಇರುವವಳಲ್ಲ ಅವಳು. ಎಲೆಕ್ಷನ್ ಗೆದ್ದ ಹೊಸದರಲ್ಲಿ ಒಂದು ಸಲ ಕೇಂದ್ರ ನೋಡಲು ಬಂದವನು, ಆಮೇಲೆ ವರ್ಷವಿಡೀ ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ಕೇಳಿದರೆ ‘ಇನ್‌ಸ್ಪೆಕ್ಷನ್’ ಅನ್ನುತ್ತಿದ್ದ. ಎರಡು ರೂಮು, ನಾಲ್ಕು ಮಂಚ, ಹಿತ್ತಲಲ್ಲೊಂದು ಬಾವಿ. ಇಷ್ಟನ್ನು ಇನ್‌ಸ್ಪೆಕ್ಟ್ ಮಾಡೋಕೆ ಐವತ್ತು ಶನಿವಾರ ಬೇಕೇನಯ್ಯಾ ಅಂತ ಊರಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ವಿಷಯ ಗೊತ್ತಿತ್ತು. ಅವಳನ್ನು ಊರೆಲ್ಲ ‘ಸಿಸ್ಟರ್’ ಅಂತ ಕರೆದರೆ, ಇವನು ಮಾತ್ರ ಅಪ್ಪಿತಪ್ಪಿಯೂ ಹಾಗೆ ಕರೆಯುತ್ತಿರಲಿಲ್ಲ ನೋಡಿ! ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದವನು ಜಯಸಿಂಹ ಒಬ್ಬನೇ, ಪಾಪ.

ಗೋದಾ ತಕ್ಕಡಿಯ ಕೊಕ್ಕೆಗೆ ಬಟ್ಟೆ ಕಟ್ಟಿ ಅದರೊಳಗೆ ಒಂದು ಹಸುಗೂಸನ್ನು ಮಲಗಿಸಿ ತೂಕ ನೋಡುತ್ತಿದ್ದಳು. ಇವನ ಚಪ್ಪಲಿ ಸದ್ದು ಕೇಳಿಸಿತು. ಕಣ್ಣು ಮಾತ್ರ ಮುಳ್ಳಿನ ಮೇಲೇ ಇತ್ತು.

“ಏನ್ ಸಮಾಚಾರ, ಗೋದಾ ಅವರೇ?”

“ಆರೂ ಮುಕ್ಕಾಲು ಪೌಂಡು,” ಅಂದಳು. ಹೇಳಿದ್ದು ಮಗುವಿನ ತಾಯಿಗೆ.

ಜಯಸಿಂಹ ನಿಂತೇ ಇದ್ದ. ಕಿಟಕಿ ಬಿಸಿಲು ಅವಳ ಕಿವಿಯ ಬಿಳಿ ಹರಳಿನ ಓಲೆಗೆ ಬಿದ್ದು, ಅವಳು ತಲೆ ಆಡಿಸಿದಾಗಲೆಲ್ಲ ಗೋಡೆಯ ಮೇಲೆ ಒಂದು ಚಿಕ್ಕ ಬೆಳಕು ಓಡಾಡುತ್ತಿತ್ತು. ಕೋಪದಲ್ಲಿದ್ದಾಳೆ ಅಂತ ಗೊತ್ತಾದರೂ ಅವನ ಕಣ್ಣು ಆ ಬೆಳಕಿನ ಹಿಂದೆಯೇ ಹೋಗುತ್ತಿತ್ತು. ಮೂವತ್ತೆರಡು ವರ್ಷದ ಗಂಡಸು, ಲಾ ಓದಿದವನು, ಪಕ್ಷೇತರನಾಗಿ ನಿಂತು ಗೆದ್ದವನು, ಈ ಒಂದು ವಿಷಯದಲ್ಲಿ ಮಾತ್ರ ಶುದ್ಧ ದಡ್ಡ.

ಅಷ್ಟರಲ್ಲಿ ಹೊರಗಿನ ಜಗಲಿಯಿಂದ ದೊಡ್ಡಮುನಿಯಪ್ಪ ಗುಡುಗಿದರು. ಊರಿನ ಹಿರಿಯ ರೈತ. ಎಲೆಕ್ಷನ್ನಿನಲ್ಲಿ ಇವನ ಪರವಾಗಿ ಮನೆ ಮನೆ ಸುತ್ತಿದವರು. ಕೈಯಲ್ಲಿ ಅವತ್ತಿನ ಪೇಪರು.

“ಏನಪ್ಪ, ಇಂಗ್ ಮಾಡ್ಬುಟ್ಟೆ? ‘ಹೆರಿಗೆ ಕೇಂದ್ರಗಳ ಹಣದಲ್ಲಿ ನೂರು ರೂಪಾಯಿ ಖೋತಾ: ಜಯಸಿಂಹ ಸೂಚನೆ’ ಅಂತ ಅಚ್ಚಾಕವ್ರೆ! ನಿಂಗೆ ಓಟ್ ಆಕಿದ್ದು ಇದಕ್ಕೇನಾ?”

ಜಯಸಿಂಹ ಹಣೆ ಚಚ್ಚಿಕೊಂಡ. ಓ, ಕಥೆ ಇದಾ!

“ಗೋದಾ ಅವರೇ, ಐದು ನಿಮಿಷ ಕೇಳಿ. ಚೀನಾ ಯುದ್ಧ ಆದಮೇಲೆ ಸರ್ಕಾರದಲ್ಲಿ ದುಡ್ಡಿಲ್ಲ. ಈ ಕಡೆಯ ಏಳು ಹೆರಿಗೆ ಕೇಂದ್ರ ಮುಚ್ತೀವಿ ಅಂತ ಬಜೆಟ್ಟಲ್ಲಿ ಬರೆದಿದ್ದಾರೆ. ನಿಮ್ಮದೂ ಸೇರಿ. ನಾನು ಅದನ್ನ ತಡೀಬೇಕು ಅಂತಲೇ ಸೂಚನೆ ಕೊಟ್ಟಿದ್ದು.”

“ತಡೆಯೋಕೆ ನೂರು ರೂಪಾಯಿ ಕಿತ್ಕೊಳ್ಳಿ ಅಂತೀರಾ?”

“ಅದು ಅಸೆಂಬ್ಲಿ ಪದ್ಧತಿ ಕಣ್ರೀ. ಇಲಾಖೆ ಹಣ ಕೇಳಿದಾಗ ಸುಮ್ನೆ ಎದ್ದು ದೂರು ಹೇಳೋಕಾಗಲ್ಲ. ‘ಇವರು ಕೇಳಿದ್ರಲ್ಲಿ ನೂರು ರೂಪಾಯಿ ಕಮ್ಮಿ ಮಾಡಿ’ ಅಂತ ಬರೆದುಕೊಡಬೇಕು. ಆಗ ಆ ವಿಷಯದ ಮೇಲೆ ಮಾತಾಡೋಕೆ ಅವಕಾಶ ಸಿಗುತ್ತೆ. ನೂರು ರೂಪಾಯಿ ಬರೀ ನೆಪ.”

ಗೋದಾ ಈಗ ತಿರುಗಿ ನೋಡಿದಳು. “ಕೊಡಿ ಅಂತ ಕೇಳೋಕೆ, ಕಮ್ಮಿ ಮಾಡಿ ಅಂತ ಬರೀಬೇಕು?”

“ಹೌದು.”

“ಇಂಥ ಪದ್ಧತಿ ಮಾಡಿದ ಪುಣ್ಯಾತ್ಮ ಯಾರು?”

“ಇಂಗ್ಲಿಷಿನವರು.”

“ಅದಕ್ಕೇ ಹೊರಟುಹೋದ್ರು,” ಅಂದಳು ಗೋದಾ. ತುಟಿಯ ಎಡಗಡೆ ಕೊನೆ ಒಂಚೂರು ಮೇಲಕ್ಕೆ ಹೋಯಿತು. ಅದು ನಗು ಆಗುವ ಮೊದಲೇ ಅದನ್ನು ಹಿಡಿದುಕೊಂಡಳು, ಆದರೆ ಜಯಸಿಂಹ ನೋಡಿಬಿಟ್ಟಿದ್ದ. ಕಾಲಿನಿಂದ ಸ್ಟೂಲನ್ನು ಅವನ ಕಡೆಗೆ ತಳ್ಳಿದಳು.

“ಸರಿ, ಮಾತಾಡ್ತೀರ. ಆಮೇಲೆ?”

“ಮಂತ್ರಿಗಳು ಎದ್ದು ‘ಪರಿಶೀಲಿಸ್ತೀವಿ’ ಅಂತಾರೆ. ನಾವು ಸೂಚನೆ ವಾಪಸ್ ತಗೋತೀವಿ.”

“ವಾಪಸ್ಸಾ? ಕೇಂದ್ರ ಉಳಿಯದೇ ಇದ್ರೂ?”

“ಅದು ವಾಡಿಕೆ. ಎಲ್ಲರೂ ಹಾಗೇ.”

ಗೋದಾ ಮಗುವನ್ನು ತಾಯಿಯ ಕೈಗಿಟ್ಟು ಕಳಿಸಿದಳು. ಆಮೇಲೆ ಕೈ ತೊಳೆಯುತ್ತಾ, ಇವನ ಕಡೆ ನೋಡದೆ, ಮೆತ್ತಗೆ ಅಂದಳು: “ನೀವೂ ಹಾಗೇನೇ ಅಲ್ವಾ? ವಾರ ವಾರ ಏನೋ ಹೇಳೋಕೆ ಬಾಯಿ ತೆಗೀತೀರ. ಆಮೇಲೆ ‘ಗೋಡೆಗೆ ಸುಣ್ಣ ಹೊಡೆಸಿದ್ರಾ’ ಅಂತ ಕೇಳಿ ಹೊರಟುಹೋಗ್ತೀರ.”

ಜಯಸಿಂಹನ ಕಿವಿ ಕೆಂಪಾಯಿತು. ಜಗಲಿಯಲ್ಲಿ ದೊಡ್ಡಮುನಿಯಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೆಮ್ಮಿದರು. ಇವತ್ತು ಹೇಳಿಯೇ ಬಿಡಬೇಕು ಅಂತ ಇವನು ಎದ್ದು ನಿಂತ, ಗಂಟಲು ಸರಿಮಾಡಿಕೊಂಡ.

“ಬುಧವಾರ ಚರ್ಚೆ ಇದೆ. ಗ್ಯಾಲರಿಗೆ ಪಾಸ್ ಕೊಡಿಸ್ತೀನಿ. ಬರ್ತೀರಾ?”

ಅಯ್ಯೋ ದೇವರೇ, ಅಷ್ಟೇ ಬಂದಿದ್ದು ಬಾಯಿಂದ.

“ನೋಡೋಣ,” ಅಂದಳು ಗೋದಾ. ಆದರೆ ಬಾಗಿಲ ತನಕ ಬಂದು ಬೀಳ್ಕೊಟ್ಟಳು.

ಅಬ್ಬಿಗೆರೆಯ ಮನೆಗೆ ಹಳೇ ಜೀಪು ಓಡಿಸಿಕೊಂಡು ಹೋಗುವಾಗ ಅವನ ತಲೆಯಲ್ಲಿ ಎರಡು ಯೋಚನೆ ಜಗಳಾಡುತ್ತಿದ್ದವು. ಖಜಾನೆ ಖಾಲಿ ಅನ್ನುವುದು ಸುಳ್ಳಲ್ಲ. ಯುದ್ಧದ ನಿಧಿಗೆ ಅವನ ತಾಯಿ ಪಟಾಲಮ್ಮನೇ ಕೈಬಳೆ ಬಿಚ್ಚಿಕೊಟ್ಟಿದ್ದರು. ಖರ್ಚು ಇಳಿಸಬೇಕು, ಒಪ್ಪಿದ. ಆದರೆ ಇಳಿಸಲು ಹೊರಟವರ ಕೈ ಮೊದಲು ಹೋಗುವುದು ಕೂಗಾಡದೆ ಇರುವವರ ಮೇಲೆ. ಸಾಹೇಬರ ಕಾರಿನ ಖರ್ಚಿಗೆ ಕತ್ತರಿ ಹಾಕಿದರೆ ಇಡೀ ಆಫೀಸು ಗಲಾಟೆ ಮಾಡುತ್ತದೆ. ಬಸುರಿ ಹೆಂಗಸು ಯಾವ ಆಫೀಸಿಗೆ ಹೋಗಿ ಗಲಾಟೆ ಮಾಡಬೇಕು? ಒಂದು ವರ್ಷ ಆ ಸಭೆಯಲ್ಲಿ ಕೂತು ಅವನು ಕಲಿತದ್ದು ಇಷ್ಟೇ, ಮತ್ತು ಅದು ಅವನಿಗೆ ಬೇಜಾರು ತರಿಸುತ್ತಿತ್ತು.

ಇನ್ನೊಂದು ಯೋಚನೆ ಹೇಳಬೇಕಾಗಿಲ್ಲ. ಕೇಂದ್ರ ಮುಚ್ಚಿದರೆ ಗೋದಾಳಿಗೆ ವರ್ಗ ಗ್ಯಾರಂಟಿ.

ಬುಧವಾರ ವಿಧಾನಸೌಧದ ಗ್ಯಾಲರಿಯಲ್ಲಿ ಅವಳು ಕೂತಿದ್ದಳು. ಯಾವಾಗಲೂ ಬಿಳಿ ಸೀರೆಯಲ್ಲೇ ನೋಡಿದ್ದವನು, ಅವತ್ತು ಎಲೆಹಸಿರು ಬಣ್ಣದ ಸೀರೆ, ಜಡೆಯಲ್ಲಿ ಒಂದು ತುಂಡು ಕನಕಾಂಬರ ನೋಡಿ, ಬರೆದಿಟ್ಟುಕೊಂಡಿದ್ದ ಮೊದಲ ವಾಕ್ಯವನ್ನೇ ಮರೆತ. ಅಧ್ಯಕ್ಷರು ಎರಡು ಸಲ ಹೆಸರು ಕರೆದರು.

ಮಾತು ಶುರುವಾದ ಮೇಲೆ ಮಾತ್ರ ತಡವರಿಸಲಿಲ್ಲ.

“ಮುಚ್ಚಲಿರುವ ಏಳರಲ್ಲಿ ಮಾಕಳಿಯ ಕೇಂದ್ರವೂ ಒಂದು, ಅಧ್ಯಕ್ಷರೇ. ಅದು ತೆರೆದು ಎಂಟು ತಿಂಗಳಾಯಿತು. ಅದಕ್ಕೂ ಮುಂಚೆ ಆ ಊರಿನ ಒಬ್ಬ ಹೆಣ್ಣುಮಗಳು ತುಮಕೂರು ರಸ್ತೆಯಲ್ಲಿ ಎತ್ತಿನಗಾಡಿಯ ಮೇಲೇ ತೀರಿಕೊಂಡಳು. ಹೊಟ್ಟೆಯಲ್ಲಿದ್ದ ಮಗುವೂ ಹೋಯಿತು. ಈ ಎಂಟು ತಿಂಗಳಲ್ಲಿ ಅಲ್ಲಿ ಇಪ್ಪತ್ತಾರು ಹೆರಿಗೆ ಆಗಿದೆ, ಒಬ್ಬರೂ ಸತ್ತಿಲ್ಲ. ಮಿತವ್ಯಯ ಬೇಕು, ನಾನೂ ಒಪ್ಪುತ್ತೇನೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ.”

ಊಟದ ಬಿಡುವಿನಲ್ಲಿ ಆರೋಗ್ಯ ಮಂತ್ರಿಗಳು ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಕಂಬದ ಮರೆಗೆ ಕರೆದೊಯ್ದರು. ಕೆಟ್ಟ ಮನುಷ್ಯನೇನಲ್ಲ; ಸುಸ್ತಾದ ಮನುಷ್ಯ.

“ಚೆನ್ನಾಗಿ ಮಾತಾಡಿದಿರಿ. ನನ್ನ ಕೈಲಿ ಇರೋದು ಇಷ್ಟೇ ಕಣ್ರೀ: ಚಿಕ್ಕಬಾಣಾವರ ಒಂದನ್ನ ಉಳಿಸಿಕೊಡ್ತೀನಿ. ಮಿಕ್ಕ ಆರು ಹೋಗ್ಲಿ. ನೀವು ವಾಡಿಕೆಯಂತೆ ಸೂಚನೆ ವಾಪಸ್ ತಗೊಂಡುಬಿಡಿ, ‘ಎಲ್ಲರೂ ತೃಪ್ತರು’ ಅಂತ ಕಡತದಲ್ಲಿ ಸೇರಲಿ.”

ಜಯಸಿಂಹ ಹೊರಗೆ ಬಂದಾಗ ಗೋದಾ ದೊಡ್ಡ ಮೆಟ್ಟಿಲುಗಳ ಒಂದು ಪಕ್ಕದ ನೆರಳಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಚಿತ್ರಾನ್ನ. ಮುಚ್ಚಳದಲ್ಲಿ ಅರ್ಧ ಹಾಕಿ ಇವನ ಮುಂದಿಟ್ಟಳು. ಇವನು ಒಂದು ತುತ್ತೂ ಮುಟ್ಟದೆ, ಮಂತ್ರಿ ಹೇಳಿದ್ದನ್ನೆಲ್ಲ ಹೇಳಿದ.

“ಒಪ್ಕೊಂಡ್ರಾ?”

“ಇಲ್ಲ. ಒಪ್ಕೊಳ್ಳೋಣ ಅನ್ನಿಸ್ತಿದೆ.”

“ಯಾಕೆ?”

ಅವನು ಮುಚ್ಚಳವನ್ನು ಅತ್ತಿತ್ತ ತಿರುಗಿಸಿದ. ಗೋದಾ ಕಾದಳು. ಅವಳ ಕಣ್ಣು ಇವನ ಮುಖದಿಂದ ಕೈಗೆ, ಕೈಯಿಂದ ಮತ್ತೆ ಮುಖಕ್ಕೆ ಬಂತು. ಇವತ್ತು ಅವಳು ನೋಟ ತಪ್ಪಿಸಲಿಲ್ಲ.

“ನೀವು ಹೋಗಿಬಿಟ್ರೆ ನನಗೆ ತಡ್ಕೊಳ್ಳೋಕಾಗಲ್ಲ,” ಅಂದ ಜಯಸಿಂಹ. “ಒಂದು ವರ್ಷದಿಂದ ನಿಮ್ಮನ್ನ ನೋಡೋಕೇ ಬರ್ತಿದೀನಿ. ಇನ್‌ಸ್ಪೆಕ್ಷನ್ನೂ ಇಲ್ಲ, ಮಣ್ಣೂ ಇಲ್ಲ. ನೀವಂದ್ರೆ ನನಗೆ ಪ್ರಾಣ.”

ಗೋದಾಳ ಕೈ ಡಬ್ಬಿಯ ಮೇಲೆ ನಿಂತುಹೋಯಿತು. ಕೆನ್ನೆ, ಕತ್ತು, ಕಿವಿ ಎಲ್ಲ ರಂಗೇರಿತು. ಕೆಳಗಿನ ರಸ್ತೆಯ ಜಟಕಾಗಳ ಕಡೆ ಮುಖ ತಿರುಗಿಸಿದಳು.

“ಮಾಕಳಿಯವಳ ಹೆಸರು ಗಂಗರತ್ನಮ್ಮ,” ಅಂದಳು. “ಅವತ್ತು ನನಗೆ ಹೇಳಿಕಳಿಸಿದ್ರು. ಎದುರಿಗೆ ಸೈಕಲ್ ತುಳ್ಕೊಂಡು ಹೋದೆ. ಗಾಡಿ ಸಿಗೋ ಹೊತ್ತಿಗೆ ಅವಳ ಕೈ ತಣ್ಣಗಾಗಿತ್ತು. ಇನ್ನೂ ಹತ್ತೊಂಬತ್ತು ವರ್ಷ ಕಣ್ರೀ.” ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. “ನನ್ನನ್ನ ಇಲ್ಲಿ ಇಟ್ಕೊಳ್ಳೋಕೆ ನೀವು ಮಾಕಳಿ ಬಿಟ್ಟುಕೊಟ್ರೆ, ನಿಮ್ಮ ಮುಖ ನೋಡಿದಾಗಲೆಲ್ಲ ನನಗೆ ಆ ಕೈ ನೆನಪಾಗುತ್ತೆ. ನನಗೂ ನೀವು ಬೇಕು. ಹೀಗೆ ಬೇಡ.”

ನನಗೂ ನೀವು ಬೇಕು! ಜಯಸಿಂಹನಿಗೆ ಸಂತೋಷಕ್ಕೂ ಸಂಕಟಕ್ಕೂ ಒಂದೇ ಸಲ ಕಣ್ಣಲ್ಲಿ ನೀರು ಬಂತು. ಮುಚ್ಚಳದಲ್ಲಿದ್ದ ಚಿತ್ರಾನ್ನವನ್ನು ತಲೆ ತಗ್ಗಿಸಿಕೊಂಡು ಪೂರ್ತಿ ತಿಂದ.

ಮಧ್ಯಾಹ್ನ ಮಂತ್ರಿಗಳು ಉತ್ತರ ಕೊಟ್ಟು ಕೂತರು. ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿ, “ಮಾನ್ಯ ಸದಸ್ಯರು ಸೂಚನೆ ವಾಪಸ್ ಪಡೆಯುತ್ತಾರೆ ಅಲ್ಲವೇ?” ಅಂತ ಆಗಲೇ ಮುಂದಿನ ಹಾಳೆ ತಿರುವಿದ್ದರು.

“ಇಲ್ಲ, ಅಧ್ಯಕ್ಷರೇ. ನಾನು ತೃಪ್ತನಲ್ಲ ಅಂತ ಕಡತದಲ್ಲಿ ಸೇರಲಿ. ಮತಕ್ಕೆ ಹಾಕಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಮಂತ್ರಿಗಳು ತಲೆ ಅಲ್ಲಾಡಿಸಿದರು. ‘ಹೌದು’ ಅಂದವರು ಹನ್ನೊಂದೋ ಹನ್ನೆರಡೋ ಜನ. ‘ಇಲ್ಲ’ ಅನ್ನುವ ಕೂಗಿಗೆ ಗಾಜಿನ ಕಿಟಕಿ ಅದುರಿತು. ಸೂಚನೆ ಬಿದ್ದುಹೋಯಿತು. ಜಯಸಿಂಹ ಕೂತ. ಗ್ಯಾಲರಿಯಲ್ಲಿರುವವರು ಚಪ್ಪಾಳೆ ತಟ್ಟುವಂತಿಲ್ಲ, ಬಾಯಿ ಬಿಡುವಂತಿಲ್ಲ. ಗೋದಾ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ತುಂಟತನ ಒಂದಿಷ್ಟೂ ಇರಲಿಲ್ಲ.

ಮಾರ್ಚ್ ಮೂವತ್ತೊಂದಕ್ಕೆ ಏಳೂ ಕೇಂದ್ರಗಳ ಬಾಗಿಲಿಗೆ ಬೀಗ ಬಿತ್ತು. ಗೋದಾಳಿಗೆ ತಿಪಟೂರಿನ ಹತ್ತಿರದ ಒಂದು ಹಳ್ಳಿಗೆ ವರ್ಗವಾಯಿತು. ಅವಳ ತಂದೆ, ರಿಟೈರಾದ ಪೋಸ್ಟ್ ಮಾಸ್ಟರ್ ವೆಂಕಟರಾಮಯ್ಯ ಇದ್ದದ್ದು ತಿಪಟೂರಿನಲ್ಲೇ. ಸರ್ಕಾರ ತನಗೇ ಗೊತ್ತಿಲ್ಲದೆ ಮಾಡಿದ ಉಪಕಾರ ಅದೊಂದೇ.

ಗುರುವಾರ ಬೆಳಿಗ್ಗೆ ಚಿಕ್ಕಬಾಣಾವರ ಸ್ಟೇಷನ್ನಿನಲ್ಲಿ ಕೂಸುಗಳನ್ನು ಎತ್ತಿಕೊಂಡ ಹೆಂಗಸರೇ ತುಂಬಿದ್ದರು. ಅವಳು ಕೈಯಾರೆ ಹೊರಗೆ ತಂದ ಕೂಸುಗಳು. ಒಂಬತ್ತು ತಿಂಗಳು ತುಂಬಿದ ಲಕ್ಕಮ್ಮ ಟ್ರಂಕಿನ ಮೇಲೇ ಕೂತು ಅಳುತ್ತಿದ್ದಳು. ದೊಡ್ಡಮುನಿಯಪ್ಪನವರಿಗೆ ಮಂತ್ರಿಗಳ ಮಾತು ಹೇಗೋ ಗೊತ್ತಾಗಿ ಹೋಗಿತ್ತು.

“ಅಲ್ಲ ಕಣಪ್ಪ, ನಮ್ಮೂರ್ದು ಒಂದನ್ನಾರ ಉಳುಸ್ಕೊಬೋದಾಗಿತ್ತಲ್ಲ! ಈ ಲಕ್ಕಮ್ಮ ಎಲ್ಲಿಗೋಯ್ತಾಳೆ ಈಗ?”

ಜಯಸಿಂಹನಿಗೆ ಆ ಮಾತು ಚುಚ್ಚಿತು.

“ಜೀಪನ್ನ ನಿಮ್ಮ ಮನೆ ಮುಂದೆ ನಿಲ್ಲಿಸಿದೀನಿ, ಯಜಮಾನರೇ. ಅನ್ವರ್ ಅಂತ ಒಬ್ಬ ಡ್ರೈವರ್ ಗೊತ್ತು ಮಾಡಿದೀನಿ, ಅಲ್ಲೇ ಇರ್ತಾನೆ, ಹಗಲೂ ರಾತ್ರಿ. ಈ ಊರಾಗಲಿ ಮಾಕಳಿಯಾಗಲಿ, ಯಾರಿಗೆ ನೋವು ಬಂದ್ರೂ ಸೀದಾ ಪೇಟೆ ಆಸ್ಪತ್ರೆಗೆ. ಕೇಂದ್ರ ಮತ್ತೆ ತೆಗೆಯೋವರೆಗೂ ಜೀಪು ನನ್ನದಲ್ಲ. ಬರೋ ವರ್ಷದ ಬಜೆಟ್ಟಲ್ಲಿ ಮತ್ತೆ ಕೇಳ್ತೀನಿ. ಅದರ ಮುಂದಿನ ವರ್ಷಾನೂ ಕೇಳ್ತೀನಿ.”

“ಮತ್ತೆ ನೀವು?” ಅಂದಳು ಗೋದಾ.

“ನಾನು ರೈಲಲ್ಲಿ ಓಡಾಡ್ತೀನಿ. ತಿಪಟೂರಿಗೂ ರೈಲಿದೆಯಲ್ಲ.”

ಹೆಂಗಸರು ಕಿಸಕ್ಕನೆ ನಕ್ಕರು. ಗಾಡಿ ಬಂತು. ಟ್ರಂಕು ಏರಿಸಿ, ಅವಳು ಕಿಟಕಿ ಪಕ್ಕ ಕೂತ ಮೇಲೆ, ಜಯಸಿಂಹ ಕಿಟಕಿ ಸರಳು ಹಿಡಿದುಕೊಂಡು, ಊರೆಲ್ಲ ಕೇಳುವ ಹಾಗೆ ಕೇಳಿದ: “ಗೋದಾ, ನನ್ನ ಮದುವೆ ಆಗ್ತೀರಾ?”

“ಆಗ್ತೀನಿ. ಆದ್ರೆ ಕೆಲಸ ಬಿಡಲ್ಲ.”

“ಬಿಡಬೇಡಿ.”

“ಅಪ್ಪ ಜಾತಿ ಬೇರೆ ಅಂತ ಒಪ್ಪಲ್ಲ.”

“ಹಂಗಾದ್ರೆ?”

“ನನಗೆ ಗೊತ್ತಿಲ್ವಾ ನಮ್ಮಪ್ಪ! ಇವತ್ತು ಹೇಳ್ತೀನಿ. ಮೂರು ದಿನ ಮಾತು ಬಿಡ್ತಾರೆ. ನಾಲ್ಕನೇ ದಿನ ತಾವಾಗೇ ಕಾಫಿ ಕೇಳ್ತಾರೆ. ಆವತ್ತು ಬನ್ನಿ.”

ಗಾಡಿ ಹೊರಟಿತು. ಸರಳಿನ ಮೇಲಿದ್ದ ಇವನ ಬೆರಳುಗಳ ಮೇಲೆ ಅವಳು ಒಂದು ಗಳಿಗೆ ತನ್ನ ಕೈ ಇಟ್ಟಳು. ಬೆಚ್ಚಗಿತ್ತು. ಪ್ಲಾಟ್‌ಫಾರಂ ಮುಗಿಯುವ ತನಕ ಜಯಸಿಂಹ ಪಕ್ಕದಲ್ಲೇ ನಡೆದ, ಆಮೇಲೆ ನಿಂತ.

ಹಿಂದಿನಿಂದ ದೊಡ್ಡಮುನಿಯಪ್ಪ ಬೆರಳು ಮಡಚಿ ಲೆಕ್ಕ ಹಾಕುತ್ತಾ ಬಂದರು. ಮುಖದಲ್ಲಿ ಸಿಟ್ಟು ಇನ್ನೂ ಪೂರಾ ಇಳಿದಿರಲಿಲ್ಲ.

“ನಾಕ್ನೇ ದಿನ ಅಂದ್ರೆ ಭಾನುವಾರ. ಒಬ್ನೇ ಓಗ್ಬೇಡ. ಎಣ್ಣು ಕೇಳಕ್ಕೆ ಇರೀಕರು ಇರ್ಬೇಕು, ನಾನೂ ಬತ್ತೀನಿ.” ಸ್ವಲ್ಪ ದೂರ ಹೋಗಿ ತಿರುಗಿ ಸೇರಿಸಿದರು: “ಓಟಿನ ಮಾತು ಆಮೇಲೆ ಮಾತಾಡಾನ.”