ಅಂಬಿಗನ ಬಲಗೈ

ಕೈ ಮೊದಲು ಮಾಡಿದ್ದು ಗಂಟು ಹಾಕುವ ಕೆಲಸ.

ಮಿಲಿಂದ ಹೊಸಮನಿಯವರ ತಲೆಯ ಮೇಲಿದ್ದ ಲೋಹದ ಜಾಲರಿಯನ್ನು ಆಗಷ್ಟೇ ತೆಗೆದಿದ್ದರು. ಲಕ್ವ ಹೊಡೆದಂದಿನಿಂದ ಅವರ ಬಲಗೈ ಯಾರೋ ಮರೆತುಹೋದ ವಸ್ತುವಿನ ಹಾಗೆ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಅದೇ ಕೈ ಈಗ ನಿಧಾನವಾಗಿ ಎದ್ದು, ಆಸ್ಪತ್ರೆಯ ಅಂಗಿಯ ಸಡಿಲ ದಾರವನ್ನು ಹುಡುಕಿ, ಒಮ್ಮೆ ಸುತ್ತಿ, ಒಳಗಿನಿಂದ ಎಳೆದು ಬಿಗಿಯಿತು.

"ಈ ಗಂಟು ನನಗ ಬರಂಗಿಲ್ಲ, ಡಾಕ್ಟರ್," ಎಂದರು ಮಿಲಿಂದ, ತಮ್ಮ ಕೈಯನ್ನೇ ನೋಡುತ್ತ.

"ನಿಮಗ ಬರಂಗಿಲ್ಲ ಸರ್. ಕೈಗೆ ಬರ್ತದ," ಎಂದು ಡಾ. ನುಜಹತ್ ನಕ್ಕಳು.

ಆ ಜಾಲರಿಯ ಯಂತ್ರವನ್ನು ರೂಪಿಸಿದವಳು ಅವಳೇ. ಮನುಷ್ಯ ಹಗ್ಗ ಕಟ್ಟುವಾಗ, ರೊಟ್ಟಿ ಬಡಿಯುವಾಗ, ಅಕ್ಷರ ಬರೆಯುವಾಗ ಪ್ರತಿ ಬೆರಳಿಗೂ ಯೋಚಿಸಿ ಅಪ್ಪಣೆ ಕೊಡುವುದಿಲ್ಲ. ಕೈಯ ಪಾಠವೆಲ್ಲ ಮೆದುಳಿನ ಒಂದು ಭಾಗದಲ್ಲಿ ಅಚ್ಚಾಗಿರುತ್ತದೆ. ಆ ಅಚ್ಚಿಗೆ ನುಜಹತ್ ಕೊಟ್ಟ ಹೆಸರು ಕರಸ್ಮೃತಿ. ಲಕ್ವದಿಂದ ಆ ಭಾಗ ಸತ್ತರೆ ಪಾಠವೂ ಅಳಿಯುತ್ತದೆ. ಅವಳ ಯಂತ್ರ ಆಗತಾನೇ ತೀರಿಕೊಂಡವರ ಮೆದುಳಿನಿಂದ, ಅವರು ಬದುಕಿದ್ದಾಗ ಕೊಟ್ಟ ಒಪ್ಪಿಗೆಯ ಮೇರೆಗೆ, ಕರಸ್ಮೃತಿಯನ್ನು ಓದಿಟ್ಟುಕೊಂಡು, ರೋಗಿಯ ಮೆದುಳಿನ ಆರೋಗ್ಯವಂತ ಜಾಗದಲ್ಲಿ ಕಸಿ ಮಾಡುತ್ತಿತ್ತು. ಕೈಯ ಕೌಶಲ ಮಾತ್ರ ದಾಟುತ್ತದೆ; ನೆನಪು, ಹೆಸರು, ಸುಖದುಃಖ ಯಾವುದೂ ದಾಟುವುದಿಲ್ಲ ಎಂದು ಅವಳು ಪ್ರತಿಯೊಬ್ಬ ರೋಗಿಗೂ ಹೇಳುತ್ತಿದ್ದಳು. ಅವಳು ಅದನ್ನು ನಂಬಿದ್ದಳು ಕೂಡ.

ಮಿಲಿಂದರು ಕಲಬುರಗಿಯ ಕಾಲೇಜಿನಲ್ಲಿ ಪಾಲಿ ಭಾಷೆ ಮತ್ತು ಬೌದ್ಧ ದರ್ಶನ ಕಲಿಸಿ ನಿವೃತ್ತರಾದವರು. ನುಜಹತ್ ಅವರ ತರಗತಿಯಲ್ಲಿ ಒಂದು ವರ್ಷ ಕುಳಿತಿದ್ದಳು. ಆತ್ಮ ಎಂಬ ಗಟ್ಟಿ ವಸ್ತು ಯಾರೊಳಗೂ ಇಲ್ಲ ಎಂದು ಅವರು ಕಲಿಸುತ್ತಿದ್ದರು. ಹಾಗಾದರೆ ಮರುಹುಟ್ಟು ಯಾರಿಗೆ ಎಂದು ಹುಡುಗರು ಕೇಳಿದರೆ, "ವ್ಯಕ್ತಿ ಹುಟ್ಟಿ ಬರೂದಿಲ್ಲ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ್ರ ಏನು ದಾಟಿತು ಹೇಳ್ರಿ?" ಎನ್ನುತ್ತಿದ್ದರು. ಉತ್ತರ ಅವರೂ ಪೂರ್ತಿ ಹೇಳುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಆ ಕೈ ಚೆನ್ನಾಗಿಯೇ ಕೆಲಸ ಮಾಡಿತು. ಲೋಟ ಹಿಡಿಯಿತು, ಅಂಗಿಯ ಗುಂಡಿ ಹಾಕಿತು. ಬರೆಯುವುದನ್ನು ಮಾತ್ರ ಮೊದಲಿನಿಂದ ಕಲಿಸಬೇಕಾಯಿತು; ಹಿಂದಿನ ಒಡೆಯ ಅಕ್ಷರ ಬಲ್ಲವನಾಗಿರಲಿಲ್ಲ ಎಂದು ಅದರಿಂದ ತಿಳಿಯಿತು.

ಒಂದು ಬೆಳಿಗ್ಗೆ ಹೆಂಡತಿ ವಿಶಾಖಾ ಅವರಿಗೆ ಸ್ನಾನ ಮಾಡಿಸುತ್ತಿದ್ದರು. ಮಿಲಿಂದರ ಬಲಗೈ ಬಕೆಟ್ಟಿನ ನೀರಿನಲ್ಲಿ ಅದ್ದಿತ್ತು. ವಿಶಾಖಾ ಬಕೆಟ್ಟಿನ ಅಂಚು ಹಿಡಿದು ಎಳೆದುಕೊಳ್ಳಲು ಹೋದಾಗ ಆ ಕೈ ನೀರಿನಿಂದ ಮೇಲೆದ್ದು ಅವರ ಕಿರುಬೆರಳನ್ನು ಅಂಚಿನಿಂದ ಬಿಡಿಸಿತು. ಆಮೇಲೆ ಉಂಗುರದ ಬೆರಳು. ಅವಸರವಿಲ್ಲ, ಸಿಟ್ಟಿಲ್ಲ, ತುಂಬ ಜೋರು.

"ಏನ್ ಮಾಡ್ಲತ್ತೀರಿ? ಬಿಡ್ರಿ!" ವಿಶಾಖಾ ಕೈ ಕಿತ್ತುಕೊಂಡು ಹಿಂದೆ ಸರಿದರು.

ಮಿಲಿಂದರು ಆ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡರು. ಕಣ್ಣ ಮುಂದೆ ಯಾವ ಚಿತ್ರವೂ ಬಂದಿರಲಿಲ್ಲ, ಯಾವ ಧ್ವನಿಯೂ ಕೇಳಿರಲಿಲ್ಲ. ಆದರೂ ಎಂದೂ ಸರಿಪಡಿಸಲಾಗದ ಏನನ್ನೋ ಈಗಷ್ಟೇ ಮಾಡಿ ಮುಗಿಸಿದ ಭಾರ ಎದೆಯ ಮೇಲೆ ಕುಳಿತಿತ್ತು. ಅಂದಿನಿಂದ ನೀರು ಮುಟ್ಟಿದಾಗಲೆಲ್ಲ ಆ ಭಾರ ಬಂತು. ಊಟಕ್ಕೆ ಕೈ ತೊಳೆಯಲೂ ಅವರು ಹೆದರತೊಡಗಿದರು.

ಕೊನೆಗೆ ಅವರು ಆಸ್ಪತ್ರೆಗೆ ಹೋಗಿ ನುಜಹತ್‌ಳಿಗೆ ಎಲ್ಲವನ್ನೂ ಹೇಳಿದರು.

"ನೀವೊಬ್ಬರೇ ಅಲ್ಲ ಸರ್," ಎಂದಳು ಅವಳು. "ನಿಮಗ ಹಾಕಿದ ಕರಸ್ಮೃತಿ ಭಾಳ ಸ್ಪಷ್ಟ ಇತ್ತು. ಹಂಗಾಗಿ ಎಷ್ಟೋ ಮಂದಿಗೆ ಅದನ್ನೇ ಹಾಕೀವಿ. ಬೀದರದಾಗ ಒಬ್ಬ ಬಡಿಗೇರ ಇದ್ದಾರ, ಸೊಲ್ಲಾಪುರದಾಗ ಒಬ್ಬಾಕಿ ನರ್ಸ್. ಎಲ್ಲಾರೂ ಇದನ್ನೇ ಹೇಳ್ಲತ್ತಾರ. ನೀರು, ಬೆರಳು, ಆಮ್ಯಾಲ ಭಯ."

"ಭಯ ಅಲ್ಲ. ಪಶ್ಚಾತ್ತಾಪ."

"ಅದು ಹ್ಯಾಂಗ ಸರ್? ಮಾಡಿದವ ಸತ್ತಾನ. ಅವನ ನೆನಪು ನಿಮ್ಮಲ್ಲಿ ಇಲ್ಲ. ಪಶ್ಚಾತ್ತಾಪ ಪಡಬೇಕಂದ್ರ ಒಬ್ಬ ನಾನು ಅನ್ನೋವ ಬೇಕಲ್ಲ? ಅಂಥವ ಇಲ್ಲ ಅಂತ ನೀವೇ ಕಲಿಸೀರಿ."

"ಹೌದು. ಮಾಡಿದವ ಇಲ್ಲ, ಮಾಡಿದ್ದು ಅದ," ಎಂದರು ಮಿಲಿಂದ. "ಇಷ್ಟು ವರ್ಷ ಇದನ್ನ ಕರಿಹಲಗಿ ಮ್ಯಾಲ ಬರದು ಒರೆಸೀನಿ, ನುಜಹತ್. ನನ್ನ ಮೈಯಾಗೇ ಬಂದು ಕೂಡ್ತದ ಅಂತ ತಿಳಿದಿರಲಿಲ್ಲ."

ಕಸಿಯನ್ನು ಅಳಿಸಬಹುದು ಎಂದು ಅವಳು ಹೇಳಿದಳು. ಆದರೆ ಕೈ ಮತ್ತೆ ಸತ್ತು ಬೀಳುತ್ತದೆ. ಅಳಿಸುವ ಮೊದಲು ಅದು ಯಾರ ಕೈ, ಏನು ಮಾಡಿದ ಕೈ ಎಂದು ತಿಳಿಯಬೇಕೆಂದು ಮಿಲಿಂದರು ಹಟ ಹಿಡಿದರು. ದಾನಿಯ ಹೆಸರು ಹೇಳುವುದು ನಿಯಮಕ್ಕೆ ವಿರುದ್ಧವಾಗಿತ್ತು. ನುಜಹತ್ ನಿಯಮ ಮುರಿದಳು. ಅವಳಿಗೂ ಈಗ ತನ್ನ ಯಂತ್ರವನ್ನು ಕಂಡರೆ ಅಂಜಿಕೆ.

ಇಬ್ಬರೂ ಹೋದದ್ದು ಭೀಮಾ ನದಿಯ ದಂಡೆಯ ಒಂದು ಹಳ್ಳಿಗೆ. ದಾನಿ ಭೀಮಶ್ಯಾ ಅಂಬಿಗೇರ, ದೋಣಿ ನಡೆಸುತ್ತಿದ್ದವನು. ಅವನ ಹೆಂಡತಿ ಸಾಬವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಿಲಿಂದರು ಏನೂ ಹೇಳುವ ಮೊದಲೇ ಅವರ ಕೈ ಮೊರದ ಬಿಚ್ಚಿದ ದಾರವನ್ನು ಹಿಡಿದು ಗಂಟು ಹಾಕಿತು. ಸಾಬವ್ವ ಆ ಗಂಟನ್ನು ನೋಡಿದಳು, ಅವರ ಮುಖ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ದೊಡ್ಡ ಹೊಳಿ ಬಂದು ಊರು ಮುಳುಗಿತ್ತರಿ ಅದೊಂದು ವರ್ಷ," ಎಂದು ಕೊನೆಗೆ ಹೇಳಿದಳು. "ಇದ್ದಿದ್ದೊಂದೇ ದೋಣಿ, ತುಂಬ ಮಂದಿ, ಕೂಸುಗೋಳು. ಮ್ಯಾಲಿನ ಊರಿನ ಚಂದಮ್ಮ ನೀರಾಗ ತೇಲಿಕೋತ ಬಂದು ದೋಣಿ ಅಂಚು ಹಿಡಿದಳು. ದೋಣಿ ವಾಲಿತು. ಇವರು ಆಕಿ ಬೆರಳು ಬಿಡಿಸ್ಯಾರ. ದೋಣ್ಯಾಗಿದ್ದವರೆಲ್ಲ ನೋಡ್ಯಾರ, ಯಾರೂ ಬಾಯಿ ಬಿಟ್ಟಿಲ್ಲ. ಅವರ ಕೂಸುಗೋಳು ಉಳದಾವಲ್ಲ. ಆವತ್ತಿಂದ ಇವರು ಬಲಗೈಲೆ ಉಂಡಿಲ್ಲರಿ. ಸಾಯೂಮುಂದ ಈ ಕೈ ಯಾರಿಗರ ಬೇಕಾದ್ರ ಕೊಡ್ರಿ ಅಂದ್ರು. ಒಳ್ಳೇ ಕೆಲಸಕ್ಕ ಬರ್ಲಿ ಅಂತ."

ಚಂದಮ್ಮನ ಹೆಣ ಸಿಕ್ಕಿರಲಿಲ್ಲ. ಅವಳಿಗೆ ಒಬ್ಬಳೇ ಮಗಳು, ಜಗದೇವಿ. ಮೇಲಿನ ಊರಿನಲ್ಲಿ ಅಂಗನವಾಡಿ ಶಿಕ್ಷಕಿ. ತಾಯಿ ಕಾಲು ಜಾರಿ ಹೊಳೆಯಲ್ಲಿ ಕೊಚ್ಚಿಹೋದಳೆಂದೇ ಅವಳು ನಂಬಿದ್ದಳು.

ಮಿಲಿಂದರು ಅವಳ ಮುಂದೆ ಕುಳಿತು ಎಲ್ಲವನ್ನೂ ಹೇಳಿದರು. ಹೇಳದೆ ಹಿಂತಿರುಗೋಣವೆಂದು ನುಜಹತ್ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ಜಗದೇವಿ ಅಳಲಿಲ್ಲ. ಆ ಬಲಗೈಯನ್ನೇ ದಿಟ್ಟಿಸುತ್ತಿದ್ದಳು.

"ನಮ್ಮವ್ವನ್ನ ಬಿಡಿಸಿದ ಕೈ ಎಷ್ಟು ಮಂದೀಗಿ ಕೊಟ್ಟೀರಿ?" ಎಂದು ನುಜಹತ್‌ಳನ್ನು ಕೇಳಿದಳು. "ನಮ್ಮವ್ವನ ಕೈ? ಅದರದೊಂದು ಎಲ್ಲಿಯಾದ್ರೂ ಅದ ಏನು?"

ನುಜಹತ್ ಇಲ್ಲವೆಂದು ತಲೆಯಾಡಿಸಿದಳು.

"ನನಗ ತೋರಿಸ್ರಿ," ಎಂದಳು ಜಗದೇವಿ, ಎದ್ದು ನಿಂತು. "ಹ್ಯಾಂಗ ಬಿಡಿಸ್ದ ಅಂತ ನೋಡಬೇಕು ನಾ."

"ಬ್ಯಾಡವ್ವಾ," ಎಂದರು ಮಿಲಿಂದ.

"ನೀವು ಹಗುರ ಆಗ್ಲಿಕ್ಕಿ ಬಂದೀರಿ. ನಾ ಏನ್ ಮಾಡ್ಲಿ?"

ಮೂವರೂ ಹೊಳೆಗೆ ಹೋದರು. ದಂಡೆಯಲ್ಲಿ ಒಂದು ದೋಣಿ ಕಟ್ಟಿತ್ತು. ಮಿಲಿಂದರು ಅದರಲ್ಲಿ ಕುಳಿತರು. ಜಗದೇವಿ ಸೀರೆ ಎತ್ತಿ ಕಟ್ಟಿ ಸೊಂಟದವರೆಗಿನ ನೀರಿಗೆ ಇಳಿದು ದೋಣಿಯ ಅಂಚನ್ನು ಬಲವಾಗಿ ಹಿಡಿದಳು. ಮಿಲಿಂದರು ಕಣ್ಣು ಮುಚ್ಚಿ ಕೈಯನ್ನು ನೀರಿಗೆ ಬಿಟ್ಟರು.

ಕೈ ಎದ್ದಿತು. ಕಿರುಬೆರಳು, ಉಂಗುರದ ಬೆರಳು. ಜಗದೇವಿ ಹಲ್ಲು ಕಚ್ಚಿ ಹಿಡಿದೇ ಇದ್ದಳು. ನಡುಬೆರಳು. ತೋರುಬೆರಳನ್ನೂ ಅದು ಎತ್ತಿದಾಗ ಅವಳ ಕೈ ಜಾರಿ ನೀರಿಗೆ ಬಿತ್ತು.

ಇಲ್ಲಿಯವರೆಗೆ ಆ ಕೈ ಯಾರಲ್ಲೂ ಕೊನೆಯ ಬೆರಳಿನವರೆಗೆ ಹೋಗಿರಲಿಲ್ಲ. ಅದಕ್ಕೆ ಸಿಕ್ಕವರೆಲ್ಲ ಹೆದರಿ ಮೊದಲೇ ತಮ್ಮ ಕೈ ಎಳೆದುಕೊಂಡಿದ್ದರು. ಹಾಗಾಗಿ ಮುಂದೆ ಆದದ್ದು ನುಜಹತ್‌ಳಿಗೂ ಗೊತ್ತಿರಲಿಲ್ಲ.

ಅವಳ ಕೈ ನೀರಿಗೆ ಬಿದ್ದ ಸದ್ದಿಗೆ ಅಂಬಿಗನ ಕೈ ಬೆಚ್ಚಿತು. ತಟ್ಟನೆ ಚಾಚಿ, ನೀರಿನೊಳಗೆ ತಡಕಾಡಿ, ಜಗದೇವಿಯ ಮಣಿಕಟ್ಟನ್ನು ಹಿಡಿಯಿತು. ಹಿಡಿದು ಎಳೆಯಿತು. ಅವಳ ಎದೆ ದೋಣಿಗೆ ಬಡಿಯುವಷ್ಟು, ಮಿಲಿಂದರ ಭುಜದ ಕೀಲು ನೋಯುವಷ್ಟು ಬಲವಾಗಿ ಎಳೆಯಿತು. ಬಿಡಲೊಲ್ಲದು. ನುಜಹತ್ ಓಡಿ ಬಂದು ಬಿಡಿಸಬೇಕಾಯಿತು.

"ಹಿಡಿಲಿಕ್ಕಿ ಬಂದಿದ್ದನಾ?" ಎಂದಳು ಜಗದೇವಿ, ಉಸಿರು ಸಿಗದೆ. "ಬಿಟ್ಟ ಮ್ಯಾಲ ಹಿಡಿಲಿಕ್ಕಿ ಬಂದಿದ್ದನಾ?"

ಅಂದು ಹೊಳೆಯಲ್ಲಿ ಆ ಕೈಗೆ ಸಿಕ್ಕಿದ್ದು ಬರೀ ನೀರು. ಇಂದು ಒಂದು ಮಣಿಕಟ್ಟು ಸಿಕ್ಕಿತ್ತು. ಮಿಲಿಂದರು ದೋಣಿಯಲ್ಲೇ ಮುದುಡಿ ಕುಳಿತು ಮಗುವಿನ ಹಾಗೆ ಅತ್ತರು. ಆ ದಿನದ ನಂತರ ಅವರು ನೀರು ಮುಟ್ಟಿದರೆ ಅದು ನೀರು ಅಷ್ಟೇ. ಬಲಗೈ ಉಳಿಯಿತು, ಭಾರ ಹೋಯಿತು.

ಅಂದು ಹೊರಡುವಾಗ ಜಗದೇವಿ ನುಜಹತ್‌ಳ ತೋಳು ಹಿಡಿದು, "ಉಳಿದವರ್ನೂ ಕಳಿಸ್ರಿ," ಎಂದಿದ್ದಳು. ಇದೊಂದು ಪುಣ್ಯದ ಕೆಲಸ ಎಂದು ನುಜಹತ್‌ಳಿಗೆ ಅನಿಸಿತು. ಬೀದರಿನ ಬಡಿಗೇರ ಹೋಗಿ ಬಂದು ಗುಣವಾದ. ಸೊಲ್ಲಾಪುರದ ನರ್ಸ್ ಗುಣವಾದಳು. ಒಬ್ಬರಾದ ಮೇಲೊಬ್ಬರು ಹೋದರು. ನುಜಹತ್ ಇದಕ್ಕೆ ಕರ್ಮವಿಮೋಚನ ಚಿಕಿತ್ಸೆ ಎಂದು ಹೆಸರಿಟ್ಟು ಪ್ರಬಂಧವನ್ನೂ ಬರೆಯತೊಡಗಿದಳು.

ಬೇಸಿಗೆಯ ಒಂದು ಮಧ್ಯಾಹ್ನ ಮಿಲಿಂದರು ಒಬ್ಬರೇ ಜಗದೇವಿಯನ್ನು ನೋಡಲು ಹೋದರು. ಅವಳು ಬಾಗಿಲಲ್ಲೇ ಕುಳಿತಿದ್ದಳು. ಅಂಗನವಾಡಿಗೆ ಹೋಗುವುದನ್ನು ಬಿಟ್ಟಿದ್ದಳು. ಮೈ ಇಳಿದುಹೋಗಿತ್ತು. ಮಣಿಕಟ್ಟಿನ ಸುತ್ತ ಹಿಡಿತದ ಹಳೆಯ ಹಳದಿ ಕಲೆಯ ಮೇಲೆ ಹೊಸ ನೀಲಿ ಕಲೆ.

"ಈ ವಾರ ಯಾರೂ ಬಂದಿಲ್ಲ ಸರ್," ಎಂದಳು ಅವರನ್ನು ಕಂಡೊಡನೆ. "ಇನ್ನೂ ಎಷ್ಟು ಮಂದಿ ಅದಾರ? ಡಾಕ್ಟರಮ್ಮಗ ಹೇಳಿ ಮತ್ತಷ್ಟು ಮಂದೀಗಿ ಆ ಕೈ ಹಾಕಸ್ರಿ."

"ಯಾಕವ್ವಾ?"

"ಅವ ಎಳೀತಾನಲ್ಲ, ಅಷ್ಟೊತ್ತು ನಮ್ಮವ್ವ ಮುಳುಗಿರಲ್ಲ ನೋಡ್ರಿ." ಅವಳು ಅವರ ಬಲಗೈಯನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. "ನಿಮ್ಮದು ನಿಂತದ. ನಂದು ಶುರು ಆಗ್ಯದ."

ತೃಷ್ಣೆಯೇ ಬಂಧನವೆಂದು ಮಿಲಿಂದರು ಎಷ್ಟೋ ವರ್ಷ ಪಾಠ ಹೇಳಿದ್ದರು. ತಾವು ಬಿಡುಗಡೆ ಪಡೆದ ಜಾಗದಲ್ಲೇ ಇವಳನ್ನು ಕಟ್ಟಿಹಾಕಿ ಹೋಗಿದ್ದು ಅವರಿಗೆ ಅರ್ಥವಾಯಿತು. ಕ್ಷಮೆ ಕೇಳಲು ಬಂದವರೆಲ್ಲ ಒಂದೊಂದು ಸುತ್ತು ಬಿಗಿದು ಹೋಗಿದ್ದರು.

ಅವರು ಹೊಸ್ತಿಲ ಮೇಲೆ ಅವಳ ಪಕ್ಕದಲ್ಲಿ ಕುಳಿತು ತಮ್ಮ ಎಡಗೈಯನ್ನು ಚಾಚಿದರು.

"ಇದು ಯಾರದು?" ಎಂದಳು ಜಗದೇವಿ.

"ನಂದೇ. ಇದಕ್ಕ ನಿಮ್ಮವ್ವ ಗೊತ್ತಿಲ್ಲ. ಹೊಳಿನೂ ಗೊತ್ತಿಲ್ಲ. ಸುಮ್ಮ ಹಿಡಕೋ."

ಅವಳು ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ಹಿಡಿದುಕೊಂಡಳು. ಎಳೆಯುತ್ತದೇನೋ ಎಂದು ಕಾದಳು. ಬೆರಳುಗಳು ಅಲುಗಲಿಲ್ಲ, ಮುದುಕನ ಕೈ ಬೆಚ್ಚಗೆ ಬಿದ್ದುಕೊಂಡಿತ್ತು.

"ಅವ್ವ ಹೋದಳಲ್ಲ ಸರ್," ಎಂದಳು.

"ಹೌದವ್ವ. ಹೋದಳು."

ಬೀದಿಯಲ್ಲಿ ಒಂದು ಕಾರು ಬಂದು ನಿಂತ ಸದ್ದಾಯಿತು. ಯಾರೋ ಇಳಿದು ಇದು ಜಗದೇವಿಯವರ ಮನೆಯೇ ಎಂದು ವಿಚಾರಿಸಿದರು. ಅವಳು ಎದ್ದು ಹೋಗಲಿಲ್ಲ.