ಗಂಟಿಲ್ಲದ ಹೊಲಿಗೆ

ಸೋಮವಾರ ಬೆಳಿಗ್ಗೆ 10.20ಕ್ಕೆ ದರ್ಜಿ ಠಾಣೆಗೆ ಬಂದಾಗ ಕಾನ್‌ಸ್ಟೇಬಲ್ ಎಂದಿನಂತೆ ಸಹಿ ಪುಸ್ತಕವನ್ನು ಮುಂದಕ್ಕೆ ತಳ್ಳಿದ. ದರ್ಜಿ ಹಿಂದೆ ಜಿಹಾದಿನ ಹೆಸರಿನಲ್ಲಿ ಉಗ್ರರ ಪಡೆ ಕಟ್ಟಿ, ಶರಣಾಗಿ, ಒಂಬತ್ತು ವರ್ಷ ಜೈಲು ಕಂಡು ಬಂದವನು. ವಾರಕ್ಕೊಮ್ಮೆ ಸಹಿ ಹಾಕಬೇಕಿತ್ತು. ಠಾಣೆಯವರ ಬಾಯಲ್ಲಿ ಅವನು ಇನ್ನೂ ‘ಕಮಾಂಡರ್’. ಆ ದಿನ ಕಮಾಂಡರ್ ಪುಸ್ತಕವನ್ನು ಬದಿಗೆ ಸರಿಸಿ, ದೂರು ಕೊಡಬೇಕು ಎಂದ.

ಅವನ ಅಂಗಡಿಗೆ ರಿಪೇರಿಗೆಂದು ಬಂದ ಕೋಟುಗಳ ಕಾಲರಿನೊಳಗೆ ಮೂರು ವಾರದಲ್ಲಿ ಮೂರು ಚೀಟಿ ಸಿಕ್ಕಿದ್ದವು. ಕೊನೆಯದರಲ್ಲಿ ‘ಶುಕ್ರವಾರ ಬರುತ್ತೇವೆ’ ಎಂದಿತ್ತು. ಎಫ್‌ಐಆರ್ ದಾಖಲಾಯಿತು.

“ಯಾರ ಮೇಲೆ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

“ನಮ್ಮ ಹಳೆಯವರೇ ಸರ್. ಚೀಟಿ ಹೊಲಿದ ದಾರದ ತುದಿಗೆ ಗಂಟಿಲ್ಲ, ಎಳೆದ್ರೆ ಪೂರ್ತಿ ಬಿಚ್ಚಿಕೊಳ್ಳುತ್ತೆ. ಸಂದೇಶ ಬಚ್ಚಿಡೋಕೆ ಹೀಗೆ ಹೊಲೀರಿ ಅಂತ ಕಲಿಸಿದ್ದೇ ನಾನು. ಹೆಂಡತಿ ಮಕ್ಕಳು ಮೂರು ದಿನದಿಂದ ಬಾಗಿಲು ತೆಗೆದಿಲ್ಲ.”

ಇನ್‌ಸ್ಪೆಕ್ಟರ್ ಕೂಡಲೇ ಜೀಪು ತರಿಸಿದರು. ಆ ಪಡೆಯವರು ಊರು ಹೊಕ್ಕಿದ್ದರೆ ವಿಷಯ ಒಬ್ಬ ದರ್ಜಿಯೊಂದಿಗೆ ಮುಗಿಯುವುದಿಲ್ಲ.

ಮಧ್ಯಾಹ್ನ 2.15ಕ್ಕೆ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಕೋಟುಗಳ ಮೂವರು ಮಾಲೀಕರು ಪರಸ್ಪರ ಮುಖ ಕಂಡವರೂ ಅಲ್ಲ. ಚೀಟಿ ಹೊಲಿದ ನೀಲಿ ದಾರ ಮಾತ್ರ ಅಂಗಡಿಯದೇ ಉಂಡೆಯದು. ರಿಪೇರಿಗೆ ಬಂದ ಬಟ್ಟೆ ಮೊದಲು ಯಾರ ಕೈಗೆ ಹೋಗುತ್ತದೆ ಎಂದು ಮಹಿಳಾ ಕಾನ್‌ಸ್ಟೇಬಲ್ ವಿಚಾರಿಸಿದಳು. ಹಳೆ ಹೊಲಿಗೆ ಬಿಚ್ಚುವುದು ಎರಡು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದ ಕಾಜಾ ಅಕ್ಕ. ಗುಂಡಿಗೆ ಕಾಜಾ ಹೊಲಿಯುವವಳೂ ಆಕೆಯೇ.

ಕಮಾಂಡರ್ ಅಂದು ಮೊದಲ ಬಾರಿ ನಕ್ಕ. “ಅಕ್ಕನಾ? ದಿನಾ ನನಗೆ ಟೀ ಮಾಡಿ ಕೊಡೋರು ಅವರೇ ಸರ್.” ಹೇಳಿ ಮುಗಿಸುವಷ್ಟರಲ್ಲಿ ಅವನು ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟ.

ಆಕೆ ಏನನ್ನೂ ಅಲ್ಲಗಳೆಯಲಿಲ್ಲ.

“ಈ ಹೊಲಿಗೆ ಎಲ್ಲಿ ಕಲಿತ್ರಿ ಅಮ್ಮ?” ಇನ್‌ಸ್ಪೆಕ್ಟರ್ ಕೇಳಿದರು.

“ಮಗನ ಶರ್ಟಿನಲ್ಲಿ. ಇವರ ಪಡೆಗೆ ಸೇರಿದ್ದ. ಶರ್ಟು ಹೆಣದ ಜೊತೆ ಬಂತು. ದಾರ ಎಳೆದೆ, ಬಿಚ್ಚಿಕೊಳ್ತು.”

ಸೂಜಿ ಡಬ್ಬಿಯ ತಳದಿಂದ ಹಳದಿಯಾದ ಚೀಟಿಯೊಂದನ್ನು ತೆಗೆದುಕೊಟ್ಟಳು. ‘ಅಮ್ಮಾ, ತುಂಬ ಹೆದರಿಕೆ ಆಗ್ತಿದೆ. ಬಂದು ಕರ್ಕೊಂಡು ಹೋಗು.’

“ಹೆದರಿಕೆ ಅಂದ್ರೆ ಏನು ಅಂತ ಇವರಿಗೂ ಗೊತ್ತಾಗ್ಲಿ ಅಂತ ಬರೆದೆ. ಶುಕ್ರವಾರ ಯಾರೂ ಬರಲ್ಲ ಸರ್.”

ಸಂಜೆ 4.40ಕ್ಕೆ ಬೆದರಿಕೆ ಆರೋಪದ ಮೇಲೆ ಆಕೆಯನ್ನು ಬಂಧಿಸಲಾಯಿತು. ಕಮಾಂಡರ್ ಆ ಹಳೆ ಚೀಟಿಯನ್ನು ಎರಡು ಸಲ ಓದಿದ. ಯಾವ ಹುಡುಗ ಎಂದು ನೆನಪಾಗಲಿಲ್ಲ. ಹೆಸರು ಕೇಳಿದ.

“ನೀವೇ ನೆನಪು ಮಾಡ್ಕೊಳ್ಳಿ,” ಎಂದು ಆಕೆ ಜೀಪು ಹತ್ತಿದಳು.

ಇನ್ನು ಮನೆಗೆ ಹೋಗಬಹುದು, ಭಯವಿಲ್ಲ ಎಂದರು ಇನ್‌ಸ್ಪೆಕ್ಟರ್. ಅವನು ತಲೆಯಾಡಿಸಿದ. ಪಂಚನಾಮೆಗೆ ಸಹಿ ಹಾಕಿ, ಆ ಹಳೆ ಚೀಟಿ ಇನ್ನೊಮ್ಮೆ ಕೊಡಿ ಎಂದು ಕೈಚಾಚಿದ.