ಗಾಳಿ ಬಿಟ್ಟ ಮೇಲೂ ಬಿಗಿಯಾಗಿದ್ದ ಕಾಲು

೧೯೮೬ರ ಮಾತು. ಆಗ ನಾನು ಪೊಳ್ಳಾಚಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ಒಂದು ದಿನ ಬೆಳಗ್ಗೆ ಹೆತ್ತ ಬೆಳ್ಳಿಯಮ್ಮನಿಗೆ ರಕ್ತಸ್ರಾವ ಮಿತಿಮೀರಿ, ಡಾಕ್ಟರ್ ಕಮಲಾಕ್ಷಮ್ಮ ಹೊಟ್ಟೆ ಮತ್ತು ಕಾಲುಗಳನ್ನು ಗಾಳಿ ತುಂಬಿ ಅದುಮಿಡುವ ರಬ್ಬರ್ ಉಡುಪು ತೊಡಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಸ್ರಾವ ನಿಂತಂತಿತ್ತು.

"ಗಾಳಿ ಬಿಡುವಾಗ ಅವಸರ ಬೇಡಮ್ಮಾ. ಮೊದಲು ಹೊಟ್ಟೆ, ಆಮೇಲೆ ಒಂದೊಂದೇ ಕಾಲು. ಬಿ.ಪಿ. ಇಳಿದರೆ ಅಲ್ಲಿಗೇ ನಿಲ್ಲಿಸು" ಎಂದು ಹೇಳಿ ಅವರು ಪಕ್ಕದ ಕೋಣೆಗೆ ಹೋದರು.

ಹೊಟ್ಟೆಯ ಗಾಳಿಯನ್ನು ಮೆಲ್ಲಮೆಲ್ಲಗೆ ಬಿಟ್ಟೆ. ಬಿ.ಪಿ. ಇಳಿಯಲಿಲ್ಲ. ಕಾಲು ಗಂಟೆ ಕಾದು ಬಲಗಾಲಿನದನ್ನು ಬಿಟ್ಟೆ. ಗಾಳಿಯ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬಂತು. ಮುಟ್ಟಿ ನೋಡಿದರೆ ಉಡುಪು ಮೊದಲಿನಷ್ಟೇ ಬಿಗಿಯಾಗಿತ್ತು. ಆ ಚಿತ್ತಿರೈ ತಿಂಗಳ ಸುಡುಬಿಸಿಲಿನಲ್ಲೂ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

"ಸಿಸ್ಟರಕ್ಕಾ, ಆ ಅಮ್ಮನ್ನ ಎಬ್ಬಿಸ್ಬೇಡಿ" ಎಂದಳು ಬೆಳ್ಳಿಯಮ್ಮ.

"ಯಾವ ಅಮ್ಮ?"

"ನನ್ ಕಾಲು ಹಿಡ್ಕೊಂಡು ಕೂತವ್ರಲ್ಲ. ಇನ್ನೂ ನಿಂತಿಲ್ಲ, ಬುಡಬ್ಯಾಡ ಅಂತವ್ರೆ."

ಮಂಚದ ತುದಿಯಲ್ಲಿ ಯಾರೂ ಇರಲಿಲ್ಲ. ಹೊದಿಕೆ ಎತ್ತಿದೆ. ಹಾಸಿಗೆಯ ಮೇಲೆ ಹೊಸ ರಕ್ತ. ಬಿ.ಪಿ. ಎಂಬತ್ತಕ್ಕೆ ಕುಸಿದಿತ್ತು. ಮತ್ತೆ ಗಾಳಿ ತುಂಬುತ್ತಲೇ ಡಾಕ್ಟರನ್ನು ಕೂಗಿದೆ. ಅವರು ಓಡಿ ಬಂದು, ಒಳಗೆ ಯಾರ ಕಣ್ಣಿಗೂ ಬೀಳದೆ ಹರಿದಿದ್ದ ಜಾಗವನ್ನು ಹೊಲಿದರು. ಬೆಳ್ಳಿಯಮ್ಮ ಉಳಿದಳು.

ಸಂಜೆ ಮತ್ತೆ ಅದೇ ಕ್ರಮದಲ್ಲಿ ಗಾಳಿ ಬಿಟ್ಟು ಉಡುಪನ್ನು ಪೂರ್ತಿ ಕಳಚಿದೆ. ಎಡಗಾಲಿನ ಮೇಲೆ ರಬ್ಬರಿನ ಗೆರೆಗಳಿದ್ದವು. ಬಲಗಾಲಿನ ಮೇಲೆ ಇದ್ದದ್ದು ಎರಡು ಕೈಗಳ ಹತ್ತು ಬೆರಳ ಗುರುತು. ವಾರ ಕಳೆದು ಆಕೆ ಕೂಸಿನೊಂದಿಗೆ ಊರಿನ ಬಸ್ಸು ಹತ್ತುವಾಗಲೂ ಅವು ಮಾಸಿರಲಿಲ್ಲ.